ಪಾಳಿಯಲ್ಲಿ ಚಪ್ಪಲಿ ನಿಂತರೆ ಸಾಲದಾ?

ಯೂರಿಯಾ ಬಂದಿದೆ ಅಂತ ಸುದ್ದಿ ಹಬ್ಬಿದ ದಿನ ನಮ್ಮ ಕೊಪ್ಪಳ ಜಿಲ್ಲೆಯ ಯಾವುದಾದರೂ ಗೊಬ್ಬರದ ಅಂಗಡಿ ಮುಂದೆ ಹೋಗಿ ನೋಡಿ. ಬೆಳಗಿನ ಜಾವಕ್ಕೇ ಪಾಳಿ ಹತ್ತಿರುತ್ತದೆ. ಆದರೆ ಆ ಪಾಳಿಯಲ್ಲಿ ಮನುಷ್ಯರು ಕಡಿಮೆ, ಚಪ್ಪಲಿ ಜಾಸ್ತಿ. ಒಂದು ಸವೆದ ಹವಾಯಿ ಚಪ್ಪಲಿ, ಅದರ ಹಿಂದೆ ಕಲ್ಲಿನ ಕೆಳಗೆ ಒತ್ತಿಟ್ಟ ಆಧಾರ್ ಜೆರಾಕ್ಸ್, ಅದರ ಹಿಂದೆ ಖಾಲಿ ಚೀಲ, ಮತ್ತೆ ಚಪ್ಪಲಿ. ಅವುಗಳ ಯಜಮಾನರು ಎದುರಿನ ಬೇವಿನ ಮರದ ಕೆಳಗೆ ಕೂತು ಚಹಾ ಕುಡಿಯುತ್ತಿರುತ್ತಾರೆ. ಅಂಗಡಿ ಬಾಗಿಲು ತೆರೆದಾಗ ಎದ್ದು ಬಂದು ತಮ್ಮ ತಮ್ಮ ಚಪ್ಪಲಿಯಲ್ಲಿ ಕಾಲಿಡುತ್ತಾರೆ. "ನೀ ನೆರಳಾಗ ಕುಂತಿದ್ದಿ, ನಾ ಬಿಸಲಾಗ ನಿಂತಿದ್ದೆ" ಅಂತ ಜಗಳ ತೆಗೆದವರನ್ನು ನಾನು ನೋಡಿಲ್ಲ. ಚಪ್ಪಲಿ ನಿಂತಿದೆ ಅಂದರೆ ಮನುಷ್ಯ ನಿಂತ ಹಾಗೇ.

ನಾನು ಈಗ ಹೇಳಹೊರಟಿರುವುದು ಥೀಮ್ ಪಾರ್ಕ್‌ಗಳ ವಿಷಯ. ಅಲ್ಲಿ ವಿಕಲಚೇತನರಿಗೆ ಬೇರೆ ಗೇಟಿನಿಂದ ಬಿಡುವ ವ್ಯವಸ್ಥೆ ಇದೆ. ಅದನ್ನು ನೋಡಿದ ಉಳಿದವರಿಗೆ "ಇದು ಅನ್ಯಾಯ" ಅನ್ನಿಸುತ್ತದೆ. ಈ ಜಗಳ ಅಮೆರಿಕದಲ್ಲಿ ಕೋರ್ಟಿನ ತನಕ ಹೋಗಿದೆ, ನಮ್ಮಲ್ಲಿ ಸಾಲಿನ ಗೊಣಗಾಟದಲ್ಲೇ ನಿಂತಿದೆ. ಅರ್ಥ ಮಾಡಿಕೊಳ್ಳಲು ಮೊದಲು ಆ ಚಪ್ಪಲಿ ಪಾಳಿ ನೆನಪಿರಲಿ.

ಹೋದ ವರ್ಷ ಮೇ ರಜೆಯಲ್ಲಿ ಅಕ್ಕ, ಅವಳ ಮಗ, ನಾನು ಮೂವರೂ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆವು. ಹುಡುಗನಿಗೆ 11 ವರ್ಷ. ಆಟಿಸಂ ಇದೆ. ನೀರಿನಲ್ಲಿ ಜಾರುವ ಒಂದು ರೈಡಿನ ವಿಡಿಯೋ ನೋಡಿ ನೋಡಿ ಮೂರು ತಿಂಗಳಿಂದ ಅದೇ ಜಪ ಮಾಡುತ್ತಿದ್ದ. ಬೆಂಗಳೂರಿನ ಕಡೆಯ ಒಂದು ಪಾರ್ಕಿಗೆ ಕರೆದುಕೊಂಡು ಹೋದೆವು. ಆ ರೈಡಿನ ಮುಂದೆ ಕಬ್ಬಿಣದ ಕಂಬಿಗಳ ನಡುವೆ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಮುಂದೆ ಹೋದ ಹಾಗೆ ಅನ್ನಿಸುತ್ತದೆ, ಆದರೆ ಮತ್ತೆ ಹಿಂದಕ್ಕೇ ತಿರುಗುತ್ತೇವೆ. ಅವನಿಗೆ ಅದು ಅರ್ಥವಾಗಲಿಲ್ಲ. ರೈಡ್ ಕಣ್ಣೆದುರೇ ಇದೆ, ಆದರೂ ಯಾಕೆ ದೂರ ಹೋಗುತ್ತಿದ್ದೇವೆ? ಹತ್ತು ನಿಮಿಷ ಕಂಬಿ ಎಣಿಸಿದ. ಆಮೇಲೆ ಸೀಟಿ ಊದುವ ಸದ್ದಿಗೆ ಕಿವಿ ಮುಚ್ಚಿಕೊಂಡ. ಹಿಂದಿನವರ ಬ್ಯಾಗ್ ಒಂದು ಸಲ ಬೆನ್ನಿಗೆ ತಗುಲಿತು, ಇನ್ನೊಂದು ಸಲ ತಗುಲಿತು. ಎಡಗೈ ಮಣಿಕಟ್ಟನ್ನು ಬಾಯಿಗಿಟ್ಟುಕೊಂಡ. ಅಲ್ಲಿ ಕಚ್ಚಿ ಕಚ್ಚಿ ಜಡ್ಡುಗಟ್ಟಿದ ಜಾಗವಿದೆ, ಒಂದು ರೂಪಾಯಿ ನಾಣ್ಯದಷ್ಟು. ಅಕ್ಕ ತನ್ನ ಸೆರಗಿನ ತುದಿ ಮಡಚಿ ಹಲ್ಲು ಮತ್ತು ಕೈ ನಡುವೆ ಇಟ್ಟಳು.

ಅಲ್ಲಿದ್ದ ಸಿಬ್ಬಂದಿಯೊಬ್ಬರು ನೋಡಿ, ಪಕ್ಕದ ಹಗ್ಗ ಬಿಚ್ಚಿ ನಮ್ಮನ್ನು ಒಳಗೆ ಬಿಟ್ಟರು. ಆಗ ಸಾಲಿನಿಂದ ದನಿ ಬಂತು: "ನಾವೂ ದುಡ್ಡು ಕೊಟ್ಟೇ ಬಂದಿರೋದು. ಹುಡುಗ ಚೆನ್ನಾಗೇ ಇದಾನಲ್ಲ?"

ಅಕ್ಕ ತಿರುಗಿ ನಿಂತು ಹೇಳಿದಳು: "ಹೌದ್ರೀ, ಚೊಲೋನ ಅದಾನ. ನಿಲ್ಲಾಕ ಅಷ್ಟ ಬರಂಗಿಲ್ಲ ಅವಂಗ."

ಈ ಲೇಖನಕ್ಕೆ ಬೇಕಾದದ್ದೆಲ್ಲ ಅವಳ ಆ ಒಂದು ಮಾತಿನಲ್ಲಿದೆ. ಪಾಳಿ ಅಂದಾಗ ನಾವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿರುತ್ತೇವೆ. ಒಂದು, ನಮ್ಮ ಸರದಿ ಬರುವ ತನಕ ಸಮಯ ಕಳೆಯುವುದು. ಇನ್ನೊಂದು, ಆ ಸಮಯವನ್ನು ಒಂದೇ ಕಡೆ, ಜನರ ನಡುವೆ, ಕಾಲಿನ ಮೇಲೆ ನಿಂತು ಕಳೆಯುವುದು. ನ್ಯಾಯದ ಪ್ರಶ್ನೆ ಇರುವುದು ಮೊದಲನೆಯದರಲ್ಲಿ: ಮೊದಲು ಬಂದವರು ಮೊದಲು ಹೋಗಬೇಕು. ಎರಡನೆಯದು ಬರೀ ಅಭ್ಯಾಸ. ಜಾಗ ಕಾಯ್ದಿರಿಸಲು ಬೇರೆ ಉಪಾಯ ಇಲ್ಲದಿದ್ದಾಗ ಮೈಯನ್ನೇ ನಿಲ್ಲಿಸುತ್ತಿದ್ದೆವು, ಅಷ್ಟೇ. ನಮ್ಮ ರೈತರು ಅದಕ್ಕೆ ಚಪ್ಪಲಿ ಕಂಡುಹಿಡಿದರು.

ಒಳ್ಳೆಯ ಪಾರ್ಕ್‌ಗಳು ವಿಕಲಚೇತನರಿಗೆ ಮಾಡುವುದೂ ಇದನ್ನೇ. ಸಾಲಿನಲ್ಲಿ ನಿಲ್ಲಲಾಗದವರು ರೈಡಿನ ಬಳಿ ಬಂದಾಗ, ಅಥವಾ ಫೋನಿನ ಆ್ಯಪ್‌ನಲ್ಲಿ, ಅವರಿಗೆ ಒಂದು ಸಮಯ ಕೊಡುತ್ತಾರೆ. ಈಗ ಸಾಲು 50 ನಿಮಿಷದ್ದಾಗಿದ್ದರೆ ಹೆಚ್ಚುಕಡಿಮೆ ಅಷ್ಟು ಹೊತ್ತು ಬಿಟ್ಟು ಬನ್ನಿ ಅನ್ನುತ್ತಾರೆ. ಆ ಹೊತ್ತನ್ನು ಅವರು ನೆರಳಲ್ಲಿ ಕೂತು, ಊಟ ಮಾಡಿ, ಶೌಚಾಲಯಕ್ಕೆ ಹೋಗಿ, ಔಷಧಿ ತೆಗೆದುಕೊಂಡು ಕಳೆಯಬಹುದು. ಹೇಳಿದ ಸಮಯಕ್ಕೆ ಬಂದಾಗ ಪಕ್ಕದ ಗೇಟಿನಿಂದ ಒಳಗೆ ಬಿಡುತ್ತಾರೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಆ ಕೊನೆಯ ಅರ್ಧ ನಿಮಿಷ ಮಾತ್ರ. ಅವರು ಕಾದ 50 ನಿಮಿಷ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಗೊಬ್ಬರದ ಅಂಗಡಿಯಲ್ಲಾದರೆ ಚಪ್ಪಲಿ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಜಗಳವಿಲ್ಲ. ಪಾರ್ಕಿನಲ್ಲಿ ಚಪ್ಪಲಿ ಕಂಪ್ಯೂಟರಿನೊಳಗೆ ಇರುತ್ತದೆ.

ವೀಲ್‌ಚೇರಿನವರ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಅವರಲ್ಲಿ ಎಷ್ಟೋ ಜನ ಸಾಲಿನಲ್ಲಿ ಕಾಯಬಲ್ಲರು. ಆದರೆ ಹಳೆಯ ರೈಡ್‌ಗಳ ಸಾಲಿನಲ್ಲಿ ಮೆಟ್ಟಿಲು ಇರುತ್ತದೆ, ತಿರುಗುವ ಗೇಟು ಇರುತ್ತದೆ, ಕಂಬಿಗಳ ನಡುವೆ ಗಾಲಿ ತಿರುಗಲು ಜಾಗ ಇರುವುದಿಲ್ಲ. ಹಾಗಾಗಿ ಹೊರಗೆ ಬರುವ ದಾರಿಯಿಂದಲೇ ಅವರನ್ನು ಒಳಗೆ ಬಿಡುತ್ತಾರೆ. ಇದನ್ನು "ವಿಐಪಿ ದಾರಿ" ಅಂದುಕೊಳ್ಳುವವರಿದ್ದಾರೆ. ನಿಜಕ್ಕೂ ಅದು ಕಟ್ಟಡ ಕಟ್ಟಿದವರ ತಪ್ಪಿಗೆ ಹಾಕಿದ ತೇಪೆ. ಸಾಲಿನ ದಾರಿಯೇ ಅಗಲವಾಗಿ, ಇಳಿಜಾರಾಗಿ ಇದ್ದರೆ ಅವರು ಎಲ್ಲರ ಜೊತೆಗೇ ಬರುತ್ತಿದ್ದರು. ನಮ್ಮ ಗಂಗಾವತಿ ತಾಲೂಕಿನ ಅಂಜನಾದ್ರಿ ಬೆಟ್ಟವನ್ನೇ ನೋಡಿ, 575 ಮೆಟ್ಟಿಲು. ಅಲ್ಲಿ ಯಾವ ಪಾಸ್ ಕೊಟ್ಟರೂ ಗಾಲಿ ಮೇಲೇರುವುದಿಲ್ಲ. ಮೆಟ್ಟಿಲಿನ ಸಮಸ್ಯೆಗೆ ಸಮಯದಿಂದ ಪರಿಹಾರ ಸಿಗುವುದಿಲ್ಲ. ಈ ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ರೈಡ್ ಗಂಟೆಗೆ 600 ಜನರನ್ನು ಹತ್ತಿಸಿಕೊಳ್ಳುತ್ತದೆ ಅಂದುಕೊಳ್ಳಿ. ನಿಮ್ಮ ಮುಂದೆ 300 ಜನ ಇದ್ದಾರೆ. ನಿಮ್ಮ ಸರದಿ ಅರ್ಧ ಗಂಟೆಗೆ ಬರುತ್ತದೆ. ಆ ಗಂಟೆಯಲ್ಲಿ ನಾಲ್ಕು ನಾಲ್ಕು ಜನರ ಮೂರು ಕುಟುಂಬಗಳು, ಅಂದರೆ 12 ಜನ, ಪಕ್ಕದ ಗೇಟಿನಿಂದ ಬಂದರು. ಅವರು ಸ್ವಲ್ಪವೂ ಕಾಯದೆ ನೇರ ಬಂದರೂ ನಿಮಗೆ ತಡವಾಗುವುದು ಅರ್ಧ ನಿಮಿಷ ಮತ್ತು ಕೆಲವು ಸೆಕೆಂಡು. ಅವರು ಹೊರಗೆ ಕಾದು ಬಂದಿದ್ದರೆ ಅದೂ ಇಲ್ಲ. ಅವರು ನಿಮ್ಮ ಮುಂದೆ ನಿಂತಿದ್ದರೂ ಅಷ್ಟೇ ಹೊತ್ತಾಗುತ್ತಿತ್ತು.

ಅದೇ ಪಕ್ಕದ ಗೇಟಿನಿಂದ ಗಂಟೆಗೆ 300 ಜನ ಬರತೊಡಗಿದರೆ? ಸಾಮಾನ್ಯ ಸಾಲಿಗೆ ಉಳಿಯುವುದು 300 ಸೀಟು. ನಿಮ್ಮ ಅರ್ಧ ಗಂಟೆ ಒಂದು ಗಂಟೆ ಆಗುತ್ತದೆ. ಅಂದರೆ ಪಕ್ಕದ ಗೇಟು ಇರುವುದರಿಂದ ಅನ್ಯಾಯವಾಗುವುದಿಲ್ಲ. ಅದರಲ್ಲಿ ಎಷ್ಟು ಜನ ಬರುತ್ತಾರೆ, ಕಾದು ಬರುತ್ತಾರೋ ಕಾಯದೆ ಬರುತ್ತಾರೋ, ಇದರ ಮೇಲೆ ಎಲ್ಲ ನಿಂತಿದೆ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಈ ಎರಡೂ ಕೈತಪ್ಪಿದ್ದರಿಂದ ಏನಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಜಗತ್ತಿನಲ್ಲಿ ಈ ಬಗ್ಗೆ ಅತಿ ಹೆಚ್ಚು ಚರ್ಚೆ ಆಗಿರುವುದು ಅಲ್ಲೇ.

2013ರ ತನಕ ಅಲ್ಲಿ 'ಗೆಸ್ಟ್ ಅಸಿಸ್ಟೆನ್ಸ್ ಕಾರ್ಡ್' ಅಂತ ಒಂದು ಕಾರ್ಡ್ ಇತ್ತು. ತೊಂದರೆ ಇದೆ ಅಂತ ಹೇಳಿದರೆ ಸಾಕು, ಕಾರ್ಡ್ ಸಿಗುತ್ತಿತ್ತು. ಅದನ್ನು ತೋರಿಸಿದರೆ ಎಷ್ಟೋ ರೈಡ್‌ಗಳಲ್ಲಿ ಹೆಚ್ಚು ಕಾಯದೆ ಹತ್ತಬಹುದಿತ್ತು. ಚಪ್ಪಲಿ ಇಡುವ ಅಗತ್ಯವೂ ಇರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ 'ನ್ಯೂಯಾರ್ಕ್ ಪೋಸ್ಟ್' ಪತ್ರಿಕೆ ಒಂದು ವರದಿ ಮಾಡಿತು. ಕೆಲವು ಶ್ರೀಮಂತ ಕುಟುಂಬಗಳು ಗಂಟೆಗೆ 130 ಡಾಲರ್ ಕೊಟ್ಟು ವಿಕಲಚೇತನ ಗೈಡ್‌ಗಳನ್ನು ಬಾಡಿಗೆಗೆ ಕರೆದೊಯ್ಯುತ್ತಿದ್ದಾರೆ, ಅವರನ್ನು ಮನೆಯವರು ಅಂತ ತೋರಿಸಿ ಸಾಲು ತಪ್ಪಿಸುತ್ತಿದ್ದಾರೆ ಅನ್ನುವುದು ಅದರ ಸಾರ. ಓದಿದವರೆಲ್ಲ ಸಿಟ್ಟಾದರು. ಸಿಟ್ಟು ನ್ಯಾಯವಾದದ್ದೇ.

ಡಿಸ್ನಿಯ ಸ್ವಂತ ಲೆಕ್ಕ ಇನ್ನೂ ದೊಡ್ಡ ವಿಷಯ ಹೇಳುತ್ತಿತ್ತು. ಕೋರ್ಟಿನ ದಾಖಲೆಯಲ್ಲಿ ಬಂದ ಅಂಕಿ ಇದು: ಪಾರ್ಕಿಗೆ ಬಂದವರಲ್ಲಿ ಆ ಕಾರ್ಡ್ ಇದ್ದವರು ಶೇ. 3.3. ಆದರೆ ತುಂಬಾ ಬೇಡಿಕೆ ಇದ್ದ ಒಂದು ರೈಡಿನಲ್ಲಿ ಕೂತವರಲ್ಲಿ ಅವರ ಪಾಲು ಶೇ. 30. ಇದರಲ್ಲಿ ಎಲ್ಲರೂ ಮೋಸಗಾರರು ಅಂತ ಅರ್ಥವಲ್ಲ. ಕಾಯಬೇಕಾಗಿಲ್ಲ ಅಂದಾಗ ಯಾರೇ ಆಗಲಿ ಒಂದೇ ರೈಡನ್ನು ಮತ್ತೆ ಮತ್ತೆ ಹತ್ತುತ್ತಾರೆ. ಮಕ್ಕಳಂತೂ ಬಿಡುವುದೇ ಇಲ್ಲ. ನಿಯಮವೇ ಹಾಗಿತ್ತು.

2013ರ ಅಕ್ಟೋಬರ್‌ನಲ್ಲಿ ಆ ಕಾರ್ಡ್ ನಿಂತಿತು. ಅದರ ಜಾಗಕ್ಕೆ ನಾನು ಮೇಲೆ ಹೇಳಿದ, ಸಮಯ ಕೊಟ್ಟು ಕಳಿಸುವ ಪದ್ಧತಿ ಬಂತು. ಅದರ ಹೆಸರು 'ಡಿಸೆಬಿಲಿಟಿ ಆ್ಯಕ್ಸೆಸ್ ಸರ್ವಿಸ್', ಚಿಕ್ಕದಾಗಿ 'ಡ್ಯಾಸ್'. ಆಗ ಇನ್ನೊಂದು ಕಡೆಯಿಂದ ಕೂಗೆದ್ದಿತು. ಆಟಿಸಂ ಇರುವ ಮಕ್ಕಳ ಪೋಷಕರು ಕೋರ್ಟಿಗೆ ಹೋದರು. "ನಮ್ಮ ಮಕ್ಕಳಿಗೆ ಕೂತು ಕಾಯುವುದೂ ಬರುವುದಿಲ್ಲ. ಅವರಿಗೆ ಇದಾದ ಮೇಲೆ ಇದು ಅನ್ನುವ ಒಂದು ಕ್ರಮ ಇರುತ್ತದೆ. ಅದು ತಪ್ಪಿದರೆ ಕುಸಿದು ಹೋಗುತ್ತಾರೆ" ಅನ್ನುವುದು ಅವರ ವಾದ. ನನ್ನ ಅಳಿಯನನ್ನು ನೋಡಿದವರಿಗೆ ಈ ಮಾತಿನ ಸತ್ಯ ಗೊತ್ತು. 2018ರಲ್ಲಿ ಮೇಲಿನ ಕೋರ್ಟು ಈ ವಾದವನ್ನು ವಿಚಾರಣೆ ಮಾಡಲೇಬೇಕು ಅಂತ ಹಿಂದಕ್ಕೆ ಕಳಿಸಿತು. 2020ರಲ್ಲಿ ಫ್ಲಾರಿಡಾದ ಕೋರ್ಟು ಡಿಸ್ನಿ ಪರವಾಗಿ ತೀರ್ಪು ಕೊಟ್ಟಿತು. ಎಲ್ಲ ರೈಡಿಗೂ ಕಾಯದೆ ಬಿಡಿ ಅಂದರೆ ಹಳೆಯ ಕಾರ್ಡನ್ನೇ ವಾಪಸ್ ತಂದ ಹಾಗೆ, ಅದು ಪಾರ್ಕ್ ನಡೆಯುವ ರೀತಿಯನ್ನೇ ಬದಲಿಸುತ್ತದೆ ಅನ್ನುವುದು ಅದರ ಮುಖ್ಯ ಕಾರಣ.

ಕೊನೆಯ ತಿರುವು 2024ರದು. ಡ್ಯಾಸ್ ಬಳಸುವವರು ತುಂಬಾ ಜಾಸ್ತಿಯಾದರು ಅಂತ ಡಿಸ್ನಿ ನಿಯಮ ಬಿಗಿ ಮಾಡಿತು. ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ, ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದು ಜಾರಿಗೆ ಬಂತು. ಈಗ ಡ್ಯಾಸ್ ಇರುವುದು ಮುಖ್ಯವಾಗಿ ಆಟಿಸಂ ಅಥವಾ ಅಂಥದ್ದೇ ಬೆಳವಣಿಗೆಯ ತೊಂದರೆಯಿಂದಾಗಿ ಬಹಳ ಹೊತ್ತು ಸಾಲಿನಲ್ಲಿ ನಿಲ್ಲಲಾಗದವರಿಗೆ. ವಿಡಿಯೋ ಕರೆಯಲ್ಲಿ ಮಾತಾಡಿ ನಿರ್ಧರಿಸುತ್ತಾರೆ. ಸುಳ್ಳು ಹೇಳಿದ್ದು ಗೊತ್ತಾದರೆ ಪಾರ್ಕಿಗೆ ಶಾಶ್ವತವಾಗಿ ಬರದ ಹಾಗೆ ಮಾಡುತ್ತಾರೆ.

ಇದರಿಂದ ಯಾರು ಹೊರಗುಳಿದರು? ಕರುಳಿನ ಕಾಯಿಲೆ ಇರುವವರು, ಯಾವಾಗ ಬೇಕಾದರೂ ಶೌಚಾಲಯಕ್ಕೆ ಓಡಬೇಕಾದವರು, ಹೃದಯದ ತೊಂದರೆ ಇರುವವರು, ಬಿಸಿಲಿನಲ್ಲಿ ನಿಂತರೆ ನರಗಳೇ ಕೈಕೊಡುವವರು. ಅವರಿಗೆ ಈಗ ಹೇಳುವುದು ಹೀಗೆ: ಸಾಲಿನಿಂದ ಹೊರಗೆ ಹೋಗಿ, ಆಮೇಲೆ ಬಂದು ನಿಮ್ಮವರನ್ನು ಸೇರಿಕೊಳ್ಳಿ. ನಿಮ್ಮವರು ಅಂತ ಜೊತೆಗಿದ್ದರೆ ಸರಿ. ಒಬ್ಬ ತಾಯಿ ತನ್ನ ಒಂದೇ ಮಗುವಿನ ಜೊತೆ ಬಂದಿದ್ದರೆ? ತಾಯಿ ಓಡಬೇಕಾದಾಗ ಮಗು ಒಂದೇ ಸಾಲಿನಲ್ಲಿ ನಿಲ್ಲಬೇಕಾ? 2025ರಲ್ಲಿ ಇದರ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ದಾವೆಯೂ ಹೂಡಲಾಗಿದೆ. ನನಗನ್ನಿಸುವುದು, ಮೊದಲ ಬದಲಾವಣೆ ಸರಿಯಿತ್ತು, ಎರಡನೆಯದು ಸರಿಯಿಲ್ಲ. ಮೊದಲನೆಯದು "ನೀವೂ ಕಾಯಿರಿ, ಆದರೆ ನಿಮಗೆ ಆಗುವ ಕಡೆ ಕಾಯಿರಿ" ಅಂದಿತು. ಎರಡನೆಯದು ಒಬ್ಬರ ತೊಂದರೆಯನ್ನು ಇನ್ನೊಬ್ಬರ ತೊಂದರೆಯ ಎದುರು ನಿಲ್ಲಿಸಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಪಕ್ಕದ ಗೇಟಿನಲ್ಲಿ ಬರುವವರು ವಿಕಲಚೇತನರು ಮಾತ್ರವಲ್ಲ. ಹೆಚ್ಚು ದುಡ್ಡು ಕೊಟ್ಟವರೂ ಅಲ್ಲಿಂದಲೇ ಬರುತ್ತಾರೆ. ಡಿಸ್ನಿಯಲ್ಲಿ ಆ ಗೇಟಿಗೆ 'ಲೈಟ್ನಿಂಗ್ ಲೇನ್' ಅಂತ ಹೆಸರು. 2024ರ ಅಕ್ಟೋಬರ್‌ನಲ್ಲಿ ಸಮಯ ಗೊತ್ತುಮಾಡಿಕೊಳ್ಳದೆಯೇ ಅದರೊಳಗೆ ಹೋಗುವ ದುಬಾರಿ ಪಾಸ್ ಬಂತು. ಫ್ಲಾರಿಡಾದಲ್ಲಿ ಅದರ ಬೆಲೆ ಶುರುವಿನಲ್ಲಿ ಒಬ್ಬರಿಗೆ ಒಂದು ದಿನಕ್ಕೆ 129ರಿಂದ 449 ಡಾಲರ್ ತನಕ ಇತ್ತು. ನಮ್ಮ ದೇಶದ ದೊಡ್ಡ ಪಾರ್ಕ್‌ಗಳಲ್ಲೂ ಫಾಸ್ಟ್ ಟ್ರ್ಯಾಕ್ ಟಿಕೆಟ್ ಇದೆ. ದುಡ್ಡು ಕೊಟ್ಟು ಮುಂದೆ ಹೋಗುವವರನ್ನು ಸಾಲಿನಲ್ಲಿರುವವರು "ಇರಲಿ ಬಿಡು, ಕೊಟ್ಟಿದ್ದಾರೆ" ಅನ್ನುತ್ತಾರೆ. ಗಾಲಿಕುರ್ಚಿಯ ಹುಡುಗಿ ಮುಂದೆ ಹೋದರೆ "ನಾವೂ ದುಡ್ಡು ಕೊಟ್ಟಿದ್ದೀವಿ" ಅನ್ನುತ್ತಾರೆ. ಲೆಕ್ಕದ ಪ್ರಕಾರ ಎರಡೂ ಒಂದೇ ಸೀಟನ್ನು ತೆಗೆದುಕೊಳ್ಳುತ್ತವೆ. ಕೊಂಡುಕೊಂಡದ್ದು ಹಕ್ಕು, ಕೊಟ್ಟದ್ದು ಭಿಕ್ಷೆ ಅಂತ ನಮ್ಮ ಮನಸ್ಸಿನಲ್ಲಿ ಎಲ್ಲೋ ಕೂತಿದೆ. ಅದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ.

ಸಾಲಿನ ಮನಸ್ಸನ್ನು ಓದಿದವರು ಇದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ರಿಚರ್ಡ್ ಲಾರ್ಸನ್ 1987ರಲ್ಲೇ ಬರೆದಿದ್ದರು: ಜನರಿಗೆ ಎಷ್ಟು ಹೊತ್ತು ಕಾದೆವು ಅನ್ನುವುದಕ್ಕಿಂತ, ತಮ್ಮ ಹಿಂದೆ ಬಂದವರು ಮುಂದೆ ಹೋದರು ಅನ್ನುವುದು ಹೆಚ್ಚು ಚುಚ್ಚುತ್ತದೆ. ಇದು ಕೆಟ್ಟತನವಲ್ಲ. ರೇಷನ್ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಬಲವಿದ್ದವರು ನುಗ್ಗುವುದನ್ನು ನೋಡಿ ನೋಡಿ ನಮ್ಮಲ್ಲಿ ಬೆಳೆದ ಎಚ್ಚರ ಅದು. ಬಲವಿಲ್ಲದವರಿಗೆ ಪಾಳಿಯೊಂದೇ ಕಾವಲು. ಆ ಎಚ್ಚರ ಬೇಕು. ಆದರೆ ಮುಂದೆ ಹೋದವರು ನುಗ್ಗಿದರೋ, ತಮ್ಮ ಚಪ್ಪಲಿಯಲ್ಲಿ ಕಾಲಿಟ್ಟರೋ ಅನ್ನುವುದನ್ನು ನೋಡಬೇಕು ಅಲ್ವಾ?

"ಹುಡುಗ ಚೆನ್ನಾಗೇ ಇದಾನಲ್ಲ" ಅನ್ನುವ ಮಾತಿಗೆ ಮತ್ತೆ ಬರುತ್ತೇನೆ. ನಮ್ಮ 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಆಟಿಸಂ, ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆ, ಹಿಮೋಫೀಲಿಯಾ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಲ್ಲ ಅದರಲ್ಲಿ ಸೇರಿವೆ. ಇವುಗಳಲ್ಲಿ ಎಷ್ಟೋ ಹೊರಗೆ ಕಾಣುವುದೇ ಇಲ್ಲ. ಮತ್ತೆ ರಕ್ತ ಹಾಕಿಸಿಕೊಳ್ಳುವ ದಿನ ಹತ್ತಿರ ಬಂದ ಥಲಸ್ಸೀಮಿಯಾದ ಮಗು ನೋಡಲು ಎಲ್ಲರ ಹಾಗೇ ಇರಬಹುದು, ಅರ್ಧ ಗಂಟೆ ನಿಂತರೆ ಸುಸ್ತಾಗಿ ಕುಸಿಯಬಹುದು. ಕಾಣದ ತೊಂದರೆ ಇರುವವರು ಕೊರಳಿಗೆ ಹಾಕಿಕೊಳ್ಳಲು ಸೂರ್ಯಕಾಂತಿ ಹೂವಿನ ಹಸಿರು ಪಟ್ಟಿಯೊಂದಿದೆ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದದ್ದು, ಈಗ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇದೆ. ಪಟ್ಟಿ ಹಾಕಿದವರು ಏನನ್ನೂ ವಿವರಿಸಬೇಕಾಗಿಲ್ಲ. ಸಿಬ್ಬಂದಿ ಸ್ವಲ್ಪ ಹೆಚ್ಚು ಸಮಯ ಕೊಡುತ್ತಾರೆ, ಅಷ್ಟೇ. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರಿನ ಬಸ್ ಸ್ಟ್ಯಾಂಡ್‌ಗಳಲ್ಲಿ ಇಂಥದ್ದೊಂದು ಬಂದರೆ ಎಷ್ಟು ಚೆನ್ನ.

ಪರೀಕ್ಷೆಯ ಉದಾಹರಣೆಯಿಂದ ಇದು ಇನ್ನೂ ಸುಲಭವಾಗಿ ತಿಳಿಯುತ್ತದೆ. ಕೈಯಲ್ಲಿ ಬರೆಯಲಾಗದ ಮಗುವಿಗೆ ಬರೆದುಕೊಡುವವರನ್ನು ಕೊಡುತ್ತಾರೆ. ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹಾಗೆ ಹೆಚ್ಚುವರಿ ಸಮಯ ಕೊಡಬೇಕು ಅಂತ ಕೇಂದ್ರದ 2018ರ ಮಾರ್ಗಸೂಚಿ ಹೇಳಿತು. ಪ್ರಶ್ನೆಪತ್ರಿಕೆ ಅದೇ, ಮೌಲ್ಯಮಾಪನ ಅದೇ. ಕೈ ವೇಗವನ್ನು ಅಳೆಯುವುದು ಪರೀಕ್ಷೆಯ ಉದ್ದೇಶವಲ್ಲ, ಹಾಗಾಗಿ ಅದರ ಅಡ್ಡಿ ತೆಗೆದರೆ ಯಾರಿಗೂ ಮೋಸವಾಗುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಗೆ, ಅವರ ವೈಕಲ್ಯ ಶೇ. 40 ಮುಟ್ಟದಿದ್ದರೂ, ಬರೆದುಕೊಡುವವರ ನೆರವು ಸಿಗಬೇಕು ಅಂತ ತೀರ್ಪು ಕೊಟ್ಟಿತು. 2016ರ ಕಾಯ್ದೆ ಇಂಥ ನೆರವಿಗೆ ಕೊಡುವ ಅರ್ಥ ಸರಳ: ಒಬ್ಬರಿಗೆ ಬೇಕಾದ ಬದಲಾವಣೆಯನ್ನು, ಎದುರಿನವರಿಗೆ ವಿಪರೀತ ಹೊರೆಯಾಗದ ಹಾಗೆ ಮಾಡಿಕೊಡಬೇಕು. ಥೀಮ್ ಪಾರ್ಕ್ ನಮ್ಮ ನಿಲ್ಲುವ ಶಕ್ತಿ ಅಳೆಯಲು ಕಟ್ಟಿದ್ದಲ್ಲ, ಹೌದಲ್ಲ?

ಖಾಸಗಿ ಪಾರ್ಕಿಗೆ ಇದೆಲ್ಲ ಯಾಕೆ ಅನ್ವಯಿಸಬೇಕು ಅಂತ ಕೇಳುವವರಿದ್ದಾರೆ. 2016ರ ಕಾಯ್ದೆ ಸಾರ್ವಜನಿಕ ಕಟ್ಟಡ ಅಂದಾಗ ಸರ್ಕಾರಿ, ಖಾಸಗಿ ಎರಡನ್ನೂ ಸೇರಿಸುತ್ತದೆ. ಧಾರ್ಮಿಕ ಜಾಗ, ಮನರಂಜನೆಯ ಜಾಗ ಎಲ್ಲ ಅದರಲ್ಲಿ ಹೆಸರು ಹೇಳಿಯೇ ಇವೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ರೂಪಿಸಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಮೋಸದ ಮಾತೂ ಬರಬೇಕು. ಸುಳ್ಳು ಹೇಳಿ ವಿಕಲಚೇತನರ ಸೌಲಭ್ಯ ಪಡೆದರೆ ಅದೇ ಕಾಯ್ದೆಯಲ್ಲಿ 2 ವರ್ಷದ ತನಕ ಜೈಲು, ಅಥವಾ 1 ಲಕ್ಷದ ತನಕ ದಂಡ, ಅಥವಾ ಎರಡೂ ಇವೆ. ನಕಲಿ ಸರ್ಟಿಫಿಕೇಟ್ ಮಾಡಿಸಿದವರ ಮೇಲೆ ನಮ್ಮಂಥವರಿಗೆ ಬರುವ ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ. ಅವರೊಬ್ಬರು ಮಾಡಿದ್ದಕ್ಕೆ ಅಕ್ಕ ಪ್ರತಿ ಗೇಟಿನಲ್ಲೂ ಅನುಮಾನದ ಕಣ್ಣು ಎದುರಿಸಬೇಕು. ಹಾಗಂತ ಪ್ರತಿಯೊಬ್ಬರನ್ನೂ ಕಳ್ಳರ ಹಾಗೆ ನೋಡುವುದು ಉಪಾಯವಲ್ಲ. ಕಾಯುವ ಸಮಯ ಇಬ್ಬರಿಗೂ ಒಂದೇ ಆದರೆ ಸುಳ್ಳು ಹೇಳಿ ಸಿಗುವ ಲಾಭವೇ ಎಷ್ಟೋ ಕಡಿಮೆಯಾಗುತ್ತದೆ. ಕಾರ್ಡ್ ಪರೀಕ್ಷೆ ಮಾಡುವುದಕ್ಕಿಂತ ಇದು ಒಳ್ಳೆಯ ಬೀಗ.

ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಮೂರು ವರ್ಷದ ಹಿಂದೆ ನಡೆದದ್ದು ನೆನಪಾಗುತ್ತದೆ. ಎರಿ ಮಣ್ಣಿನ ಬಯಲು, ಟೊರಾ ಟೊರಾ, ಕೊಲಂಬಸ್, ಜಾಯಿಂಟ್ ವೀಲ್, ಸುತ್ತ ಮಿರ್ಚಿ ಭಜಿ ವಾಸನೆ. ಕಂಬಿಯೂ ಇಲ್ಲ, ಸಾಲೂ ಇಲ್ಲ, ಬರೀ ನೂಕುನುಗ್ಗಲು. ಜಾಯಿಂಟ್ ವೀಲ್ ನಡೆಸುತ್ತಿದ್ದವರು ಹುಡುಗನನ್ನು ನೋಡಿ, "ತಂಗಿ, ಆಕಡೆ ಕುಂದ್ರಿಸ್ರಿ, ಈ ಸುತ್ತು ಮುಗದ ಕೂಡ್ಲೆ ಕರಿತೀನಿ" ಅಂದರು. ಕರೆದರು ಕೂಡ. ತೊಟ್ಟಿಲನ್ನು ಒಂದು ಕೈಯಲ್ಲಿ ಹಿಡಿದು, ಸ್ಪೀಕರ್ ಸದ್ದು ಇಳಿಸಿ, ನಿಧಾನಕ್ಕೆ ತಿರುಗಿಸಿದರು. ಒಬ್ಬರೂ ಗೊಣಗಲಿಲ್ಲ. ಮರುವರ್ಷ ಅಲ್ಲಿ ಬೇರೆಯವರಿದ್ದರು. "ಬ್ಯಾಡ್ರೀ, ಏನರ ಆದ್ರ ನಮ್ಮ ಮ್ಯಾಲ ಬರ್ತದ" ಅಂದು ಕಳಿಸಿಬಿಟ್ಟರು. ಹುಡುಗ ರಾತ್ರಿಯೆಲ್ಲ "ತೊಟ್ಟಿಲು, ತೊಟ್ಟಿಲು" ಅನ್ನುತ್ತಿದ್ದ. ಒಳ್ಳೆಯ ಮನಸ್ಸಿನ ಮೇಲೆ ನಿಂತ ಸೌಲಭ್ಯ ಆ ಮನಸ್ಸಿನ ಜೊತೆಗೇ ಹೊರಟು ಹೋಗುತ್ತದೆ. ಬರೆದಿಟ್ಟ ನಿಯಮ ಬೇಕು ಅನ್ನುವುದು ಅದಕ್ಕೇ.

"ಏನಾದರೂ ಆದರೆ" ಅನ್ನುವ ಭಯವನ್ನೂ ತಳ್ಳಿಹಾಕುವುದಿಲ್ಲ. ಕೆಲವು ರೈಡ್‌ಗಳಲ್ಲಿ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿಯಲೇಬೇಕು. ಕೆಲವು ಅರ್ಧದಲ್ಲಿ ನಿಂತರೆ ಕಿರಿದಾದ ಮೆಟ್ಟಿಲಿನಿಂದ ಇಳಿಯಬೇಕು. ಅಂಥ ಕಡೆ ಬೇಡ ಅನ್ನುವುದು ಸರಿಯೇ. ಆದರೆ ಅದು ಆಯಾ ರೈಡಿಗೆ, ಆಯಾ ಅಪಾಯಕ್ಕೆ ತಕ್ಕ ಹಾಗೆ ಇರಬೇಕು. ಅಮೆರಿಕದ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸುರಕ್ಷತೆಯ ಷರತ್ತು ನಿಜವಾದ ಅಪಾಯದ ಮೇಲೆ ನಿಲ್ಲಬೇಕು, ಊಹೆಯ ಮೇಲೆ ಅಲ್ಲ. "ಅಂಥವರನ್ನ ಹತ್ತಿಸಲ್ಲ" ಅನ್ನುವ ಒಂದೇ ಬೋರ್ಡು ಎಲ್ಲ ರೈಡಿಗೂ ನೇತುಹಾಕುವುದು ಸುರಕ್ಷತೆಯಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಹೊರಡುವ ಮೊದಲು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಕೊಳ್ಳಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅವರು ಅರ್ಜಿ ಹಾಕಿಸುತ್ತಾರೆ. ವೈಕಲ್ಯ ಶೇ. 40ರಿಂದ 80ರ ಒಳಗಿದ್ದರೆ ಹಳದಿ ಪಟ್ಟಿಯ ಕಾರ್ಡ್, 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೀಲಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ. ಪಾರ್ಕಿಗೆ ಮೊದಲೇ ಫೋನ್ ಮಾಡಿ, ಇಮೇಲ್ ಕೂಡ ಹಾಕಿ. ಬರಹದಲ್ಲಿ ಉತ್ತರ ಇದ್ದರೆ ಗೇಟಿನಲ್ಲಿ ವಾದ ಕಡಿಮೆ. ಒಪ್ಪದಿದ್ದರೆ ರಾಜ್ಯದ ವಿಕಲಚೇತನರ ಹಕ್ಕುಗಳ ಆಯುಕ್ತರಿಗೆ ದೂರು ಕೊಡಬಹುದು.

ಈ ಬೇಸಿಗೆಗೆ ಮತ್ತೆ ಹೋಗೋಣ ಅಂತ ಹುಡುಗ ಹಟ ಹಿಡಿದಿದ್ದಾನೆ. ಮೊನ್ನೆ ಅಕ್ಕ ಬೇರೊಂದು ಪಾರ್ಕಿಗೆ ಫೋನ್ ಮಾಡಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ರೈಡಿಗೆ ಸಮಯ ಬರೆದು ಕೊಡ್ತೀರಾ ಅಂತ ಕೇಳಿದಳು. ಕೊಡುತ್ತೇವೆ ಅಂದರು. ಆಮೇಲೆ, "ಆ ಸಮಯ ಬರೋ ತನಕ ನಾವು ಎಲ್ಲಿ ಕುಂದ್ರಬೇಕ್ರೀ?" ಅಂದಳು. ಆ ಕಡೆಯ ಹುಡುಗನಿಗೆ ಈ ಪ್ರಶ್ನೆ ಹೊಸದು. "ಕೇಳಿ ಹೇಳ್ತೀನಿ ಮೇಡಂ" ಅಂದು ಫೋನಿಟ್ಟ. ಮಾಡುವುದಿಲ್ಲ ಅಂದುಕೊಂಡಿದ್ದೆವು. ಹದಿನೈದು ನಿಮಿಷಕ್ಕೆ ವಾಪಸ್ ಫೋನ್ ಬಂತು. ಅವನೇ ಹೋಗಿ ನೋಡಿ ಬಂದಿರಬೇಕು, ಉಸಿರು ಕೇಳಿಸುತ್ತಿತ್ತು.

"ಮೇಡಂ, ರೈಡ್ ಹಿಂದ್ಗಡೆ ಒಂದು ಹೊಂಗೆ ಮರ ಇದೆ. ಕೆಳಗೆ ಕಟ್ಟೆ ಇದೆ. ಅಲ್ಲಿ ಸ್ಪೀಕರ್ ಸೌಂಡ್ ಜಾಸ್ತಿ ಕೇಳಲ್ಲ."